ಕಾರಿಗಿಂತ ಮೊದಲು ಮೀಟರನ್ನು ನೋಡಿ

ಪತ್ರಿಕೆಗಳಲ್ಲಿ ವಿದ್ಯುತ್ ಕಾರುಗಳ ಹೋಲಿಕೆ ಪಟ್ಟಿಗಳು ಈಗ ಸಾಮಾನ್ಯವಾಗಿವೆ. ಬ್ಯಾಟರಿಯ ಸಾಮರ್ಥ್ಯ ಎಷ್ಟು, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ದೂರ ಓಡುತ್ತದೆ, ಪರದೆ ಎಷ್ಟು ಅಂಗುಲದ್ದು, ಬೆಲೆ ಎಷ್ಟು ಎಂಬ ವಿವರಗಳು ಅವುಗಳಲ್ಲಿ ಸಾಲುಸಾಲಾಗಿ ಇರುತ್ತವೆ. ಇವು ತಪ್ಪು ಮಾಹಿತಿ ಕೊಡುತ್ತವೆ ಎಂದು ನಾನು ಹೇಳುವುದಿಲ್ಲ. ಆದರೆ ಬೆಂಗಳೂರು ಅಥವಾ ಪುಣೆಯಲ್ಲಿ ಸ್ವಂತ ಪಾರ್ಕಿಂಗ್ ಜಾಗ, ಅದರ ಗೋಡೆಯಲ್ಲೇ ಸಾಕೆಟ್, ದಿನದ ಇಪ್ಪತ್ನಾಲ್ಕು ಗಂಟೆ ವಿದ್ಯುತ್ ಇರುವ ಗ್ರಾಹಕನನ್ನು ಕಣ್ಣಮುಂದೆ ಇಟ್ಟುಕೊಂಡು ಅವು ರಚನೆಯಾಗಿರುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಗ್ರಾಹಕನ ಸ್ಥಿತಿ ಬೇರೆ. ಈ ಭಾಗದಲ್ಲಿ ಹಣಕ್ಕೆ ಕೊರತೆ ಇದೆ ಎಂದಲ್ಲ. ಕೃಷ್ಣೆ, ದೂಧಗಂಗಾ, ವೇದಗಂಗಾ ನದಿಗಳ ನೀರು, ಕಬ್ಬು, ತಂಬಾಕು, ಸಹಕಾರಿ ಸಂಘಗಳಿಂದಾಗಿ ಹತ್ತು ಹನ್ನೆರಡು ಲಕ್ಷದ ಕಾರು ಕೊಳ್ಳಬಲ್ಲ ಕುಟುಂಬಗಳು ಇಲ್ಲಿ ಬೇಕಾದಷ್ಟಿವೆ. ಅವರಿಗೆ ಅಗತ್ಯವಿರುವ ಲೆಕ್ಕವನ್ನು ಮಾಡಿ ಕೊಡುವವರು ಇಲ್ಲ.

ಸರ್ಕಾರಿ ಸೇವೆಯಿಂದ ನಿವೃತ್ತನಾದವನಿಗೆ, ಅದರಲ್ಲೂ ಅರ್ಥಶಾಸ್ತ್ರ ಓದಿದವನಿಗೆ, ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇನ್ನೂ ಉಳಿದಿದೆ. ಹೀಗಾಗಿ ಕಳೆದ ಎರಡು ಮೂರು ವರ್ಷಗಳಲ್ಲಿ ಯಾವ ವಿದ್ಯುತ್ ಕಾರು ಕೊಳ್ಳಬೇಕು ಎಂಬ ಪ್ರಶ್ನೆ ಬಂಧುಗಳಿಂದಲೂ ಪರಿಚಿತರಿಂದಲೂ ನನಗೆ ಪದೇಪದೇ ಬಂದಿದೆ. ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ನಾನು ಮರಳಿ ಕೇಳುತ್ತೇನೆ. ಉಳಿದ ಲೆಕ್ಕವೆಲ್ಲ ಆ ಉತ್ತರದ ನಂತರದ್ದು.

ವಿದ್ಯುತ್ ವಾಹನದ ವಿಷಯದಲ್ಲಿ ಕರ್ನಾಟಕ ಹಿಂದುಳಿದ ರಾಜ್ಯವಲ್ಲ. 2001ರಲ್ಲಿ ರೇವಾ ಎಂಬ ಪುಟ್ಟ ಕಾರು ರಸ್ತೆಗಿಳಿದದ್ದು ಬೆಂಗಳೂರಿನಲ್ಲಿ. ವಿದ್ಯುತ್ ವಾಹನಗಳಿಗೆಂದೇ ನೀತಿಯೊಂದನ್ನು ದೇಶದಲ್ಲಿ ಮೊದಲು ರೂಪಿಸಿದ್ದೂ ನಮ್ಮ ರಾಜ್ಯವೇ, 2017ರಲ್ಲಿ. 2024ರ ಅಂತ್ಯದ ವೇಳೆಗೆ ರಾಜ್ಯದಲ್ಲಿ ಸಾರ್ವಜನಿಕ ಚಾರ್ಜಿಂಗ್ ಕೇಂದ್ರಗಳ ಸಂಖ್ಯೆ ಐದೂವರೆ ಸಾವಿರವನ್ನು ದಾಟಿ, ದೇಶದಲ್ಲೇ ಮೊದಲ ಸ್ಥಾನದಲ್ಲಿತ್ತು. ಆದರೆ ಅವುಗಳಲ್ಲಿ ಬಹುಪಾಲು ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ ಇದ್ದವು. ರಾಜ್ಯದ ಹೆಮ್ಮೆಯ ಅಂಕಿಅಂಶ ರಾಜಧಾನಿಯ ಅಂಕಿಅಂಶವೇ ಆಗಿರುವುದು ನಮಗೆ ಹೊಸದೇನಲ್ಲ.

ಕಾರುಗಳನ್ನು ನಮ್ಮ ಅಳತೆಗೋಲಿನಿಂದಲೇ ಅಳೆಯೋಣ. ಕಾಗವಾಡದಿಂದ ಮೀರಜ್‌ಗೆ ಹದಿನೈದು ಕಿಲೋಮೀಟರ್‌ನಷ್ಟು ದೂರ. ಕಾಗವಾಡ, ಅಥಣಿ ಭಾಗದವರು ಆಸ್ಪತ್ರೆಗೆಂದು ಹೋಗುವ ಊರು ಅದು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40 ಕಿ.ಮೀ., ಚಿಕ್ಕೋಡಿಯಿಂದ ಬೆಳಗಾವಿಗೆ ಎಂಬತ್ತರ ಆಸುಪಾಸು. ಅಥಣಿಯವರು ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ಸುಮಾರು 140 ಕಿ.ಮೀ. ಕ್ರಮಿಸಬೇಕು, ಹೋಗಿ ಬರಲು 280. ಚಿಕ್ಕೋಡಿ ಜಿಲ್ಲೆಯ ಬೇಡಿಕೆ ಯಾಕೆ ತಣ್ಣಗಾಗುವುದಿಲ್ಲ ಎಂಬುದಕ್ಕೆ ಈ ಅಂಕಿಯೇ ಉತ್ತರ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ಆ ಜಿಲ್ಲೆಯನ್ನು ಘೋಷಿಸಿ ಹಿಂತೆಗೆದುಕೊಂಡಿತು; 2018ರಲ್ಲಿ ನಿಪ್ಪಾಣಿ ಮತ್ತು ಕಾಗವಾಡ ಹೊಸ ತಾಲ್ಲೂಕುಗಳಾದರೂ ಜಿಲ್ಲಾ ಕೇಂದ್ರ ಹತ್ತಿರ ಬರಲಿಲ್ಲ. ಆ ಚರ್ಚೆ ಇಲ್ಲಿ ಬೇಡ.

ಕಂಪನಿಗಳು ಘೋಷಿಸುವ ದೂರವು ಪ್ರಯೋಗಾಲಯದ್ದು. ಹವಾನಿಯಂತ್ರಣ ಹಾಕಿಕೊಂಡು, ನಾಲ್ಕು ಜನ ಕುಳಿತು, ನಮ್ಮ ರಸ್ತೆಗಳಲ್ಲಿ ಸಾಗುವಾಗ ಅದರ ಮೂರನೇ ಎರಡರಷ್ಟು ಸಿಕ್ಕಿತೆಂದು ಎಣಿಸುವುದು ಕ್ಷೇಮ. 2023ರಲ್ಲಿ ಬಂದ ಎಂಜಿ ಕಾಮೆಟ್‌ಗೆ ಸುಮಾರು 17 ಯೂನಿಟ್‌ಗಳ ಪುಟ್ಟ ಬ್ಯಾಟರಿ. ಘೋಷಿತ ದೂರ 230 ಕಿ.ಮೀ., ನಂಬಬಹುದಾದ ದೂರ 150. ಕಾಗವಾಡ–ಮೀರಜ್, ನಿಪ್ಪಾಣಿ–ಕೊಲ್ಹಾಪುರ ಓಡಾಟಕ್ಕೆ ಇದು ಧಾರಾಳವಾಗಿ ಸಾಕು, ಬೆಳಗಾವಿಗೆ ಸಾಲದು. 2022ರಲ್ಲಿ ಬಂದ ಟಾಟಾ ಟಿಯಾಗೊ ಎರಡು ಬಗೆಯ ಬ್ಯಾಟರಿಗಳಲ್ಲಿ ಸಿಗುತ್ತದೆ. 24 ಯೂನಿಟ್‌ನದು ಬಿಡುಗಡೆಯ ಹೊತ್ತಿಗೆ ಘೋಷಿಸಿದ್ದು 315 ಕಿ.ಮೀ.; ಚಿಕ್ಕೋಡಿಯವರು ಬೆಳಗಾವಿಗೆ ಹೋಗಿ ಮನೆಗೆ ಮರಳಬಹುದು, ಅಥಣಿಯವರು ಮರಳಲಾರರು. 2024ರ ಪಂಚ್, 35 ಯೂನಿಟ್ ಬ್ಯಾಟರಿಯೊಂದಿಗೆ 421 ಕಿ.ಮೀ. ಎನ್ನುತ್ತದೆ. ಅದರ ಮೂರನೇ ಎರಡು ಭಾಗ ಸರಿಯಾಗಿ 280. ಅಂದರೆ ಅಥಣಿಯವರು ಉಸಿರು ಬಿಗಿಹಿಡಿದು ಮನೆ ಸೇರಬೇಕಾಗುತ್ತದೆ. 2025ರ ಜನವರಿಯಲ್ಲಿ ಬಂದ ಹುಂಡೈ ಕ್ರೆಟಾದ 51 ಯೂನಿಟ್ ಬ್ಯಾಟರಿ ಅಥವಾ 59 ಯೂನಿಟ್‌ಗಳಿಂದ ಆರಂಭವಾಗುವ ಮಹೀಂದ್ರಾದ ಬಿಇ 6 ಇದ್ದರೆ ಆ ಚಿಂತೆ ಇಲ್ಲ. ಆದರೆ ಬಿಡುಗಡೆಯ ವೇಳೆ ಇವುಗಳ ಆರಂಭಿಕ ಬೆಲೆಯೇ 18 ಲಕ್ಷದ ಆಸುಪಾಸಿನಲ್ಲಿತ್ತು. ಎಂಜಿ ವಿಂಡ್ಸರ್ 2024ರಲ್ಲಿ ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ತಂದಿತು: ಕಾರಿಗೆ 9.99 ಲಕ್ಷ, ಓಡಿದ ಪ್ರತಿ ಕಿಲೋಮೀಟರ್‌ಗೆ ಮೂರೂವರೆ ರೂಪಾಯಿ. ಇದು ಅಗ್ಗವಲ್ಲ, ಸಾಲದ ಇನ್ನೊಂದು ರೂಪ ಅಷ್ಟೆ. ಚಾರ್ಜಿಂಗ್ ಖರ್ಚನ್ನು ಸೇರಿಸಿದರೆ ಪೆಟ್ರೋಲ್ ಕಾರಿಗಿಂತ ಉಳಿತಾಯವಾಗುವುದು ಅತ್ಯಲ್ಪ.

ಛಾವಣಿಯ ಗಾಜು, ಮಾತಾಡುವ ಪರದೆ, ತಾನೇ ಬ್ರೇಕ್ ಹಾಕುವ ವ್ಯವಸ್ಥೆಗಳ ಬಗ್ಗೆ ನನಗೆ ಹೆಚ್ಚು ಹೇಳುವುದಿಲ್ಲ. ಕಬ್ಬು ತುಂಬಿದ ಎರಡು ಟ್ರೇಲರ್‌ಗಳನ್ನು ಎಳೆದುಕೊಂಡು, ಹಿಂದೀಪವಿಲ್ಲದೆ, ರಸ್ತೆಯ ಮುಕ್ಕಾಲು ಭಾಗವನ್ನು ಆಕ್ರಮಿಸಿ ಸಾಗುವ ಟ್ರ್ಯಾಕ್ಟರನ್ನು ಯಾವ ಕ್ಯಾಮೆರಾ ಹೇಗೆ ಗುರುತಿಸುತ್ತದೋ ನೋಡಬೇಕು. ಒಂದು ಸೌಲಭ್ಯ ಮಾತ್ರ ನಮ್ಮ ಭಾಗಕ್ಕೆಂದೇ ಮಾಡಿದಂತಿದೆ: ಕಾರಿನ ಬ್ಯಾಟರಿಯಿಂದ ಮನೆಯ ಉಪಕರಣಗಳಿಗೆ ವಿದ್ಯುತ್ ತೆಗೆದುಕೊಳ್ಳುವುದು. 2023ರ ಹೊಸ ನೆಕ್ಸಾನ್‌ನಲ್ಲಿ, ಕ್ರೆಟಾದಲ್ಲಿ ಇದು ಇದೆ. ವಿದ್ಯುತ್ ಹೋದ ರಾತ್ರಿ ನಾಲ್ಕು ದೀಪ, ಎರಡು ಫ್ಯಾನ್, ಒಂದು ಫ್ರಿಜ್‌ಗೆ ಅದು ಧಾರಾಳ.

ಇನ್ನು ಖರ್ಚಿನ ವಿಷಯ. 2025ರಲ್ಲಿ ಪೆಟ್ರೋಲ್ ಲೀಟರ್‌ಗೆ 103 ರೂಪಾಯಿಯ ಆಸುಪಾಸಿನಲ್ಲಿತ್ತು. ಲೀಟರ್‌ಗೆ 18 ಕಿ.ಮೀ. ಓಡುವ ಕಾರಿಗೆ ಕಿಲೋಮೀಟರ್‌ಗೆ 5 ರೂಪಾಯಿ 70 ಪೈಸೆ. ವಿದ್ಯುತ್ ಕಾರು, ಚಾರ್ಜಿಂಗ್‌ನಲ್ಲಿ ಆಗುವ ನಷ್ಟವನ್ನೂ ಸೇರಿಸಿ, ಮೀಟರಿನ ಒಂದು ಯೂನಿಟ್‌ಗೆ ಆರು ಕಿ.ಮೀ. ಓಡುತ್ತದೆ ಎನ್ನೋಣ. ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2025–26ಕ್ಕೆ ಗೃಹಬಳಕೆಯ ಯೂನಿಟ್ ದರವನ್ನು 5 ರೂಪಾಯಿ 80 ಪೈಸೆಗೆ ನಿಗದಿಪಡಿಸಿತು. ತೆರಿಗೆ, ಮೇಲ್ತೆರಿಗೆ ಸೇರಿ ಕಿಲೋಮೀಟರ್‌ಗೆ 1 ರೂಪಾಯಿ 10 ಪೈಸೆ ಬೀಳುತ್ತದೆ. ಹೋಲಿಕೆ ಪಟ್ಟಿಗಳು ಇಲ್ಲಿಗೇ ನಿಲ್ಲುತ್ತವೆ. ಮನೆಯ ಮಂಜೂರಾದ ಲೋಡನ್ನು ಮೂರು ಕಿಲೋವಾಟ್ ಹೆಚ್ಚಿಸಿಕೊಂಡರೆ, ಕಿಲೋವಾಟ್‌ಗೆ 145 ರೂಪಾಯಿಯಂತೆ ಪ್ರತಿ ತಿಂಗಳು 435 ರೂಪಾಯಿ ನಿಗದಿತ ಶುಲ್ಕವನ್ನು, ಕಾರು ಓಡಲಿ ಬಿಡಲಿ, ಕಟ್ಟಬೇಕಾಗುತ್ತದೆ ಎಂಬುದನ್ನು ಅವು ಹೇಳುವುದಿಲ್ಲ. ಅದನ್ನೂ ಸೇರಿಸಿದರೆ ವರ್ಷಕ್ಕೆ 12 ಸಾವಿರ ಕಿ.ಮೀ. ಓಡಿಸುವವನಿಗೆ ಕಿಲೋಮೀಟರ್‌ಗೆ ಸುಮಾರು ಒಂದೂವರೆ ರೂಪಾಯಿ ಆಗುತ್ತದೆ. ಹೆದ್ದಾರಿ ಬದಿಯ ವೇಗದ ಚಾರ್ಜಿಂಗ್ ಕೇಂದ್ರದಲ್ಲಿ ಯೂನಿಟ್‌ಗೆ 20 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ ಎಂದು ಹಿಡಿದರೆ ಕಿಲೋಮೀಟರ್‌ಗೆ ಸುಮಾರು 3 ರೂಪಾಯಿ 90 ಪೈಸೆ.

ಅಂದರೆ ಮನೆಯಲ್ಲೇ ಚಾರ್ಜ್ ಮಾಡುವವನಿಗೆ ವರ್ಷಕ್ಕೆ ಸುಮಾರು 50 ಸಾವಿರ ರೂಪಾಯಿ ಉಳಿತಾಯ. ಹೊರಗೆ ಚಾರ್ಜ್ ಮಾಡುವವನಿಗೆ ಸುಮಾರು 21,500. ಒಂದೇ ಮಟ್ಟದ ಪೆಟ್ರೋಲ್ ಕಾರಿಗಿಂತ ವಿದ್ಯುತ್ ಕಾರಿಗೆ ಮೂರು ಲಕ್ಷ ಹೆಚ್ಚು ಕೊಟ್ಟಿದ್ದೇವೆ ಎಂದುಕೊಳ್ಳೋಣ. ಆ ಮೂರು ಲಕ್ಷ ಬ್ಯಾಂಕಿನಲ್ಲಿದ್ದರೆ ಶೇ 7ರ ಬಡ್ಡಿ ದುಡಿಯುತ್ತಿತ್ತು ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಮನೆಯಲ್ಲಿ ಚಾರ್ಜ್ ಮಾಡುವವನ ಹಣ ಮರಳಲು ಎಂಟು ವರ್ಷ ಬೇಕು. ಬಹುತೇಕ ಕಂಪನಿಗಳು ಬ್ಯಾಟರಿಗೆ ಕೊಡುವ ಖಾತರಿಯ ಅವಧಿಯೂ ಎಂಟು ವರ್ಷವೇ. ವರ್ಷಕ್ಕೆ 20 ಸಾವಿರ ಕಿ.ಮೀ. ಓಡಿಸುವ ವ್ಯಾಪಾರಿಗೆ, ಗುತ್ತಿಗೆದಾರನಿಗೆ ನಾಲ್ಕೇ ವರ್ಷ ಸಾಕು. ಹೊರಗಿನ ಚಾರ್ಜಿಂಗನ್ನೇ ನಂಬಿ 12 ಸಾವಿರ ಓಡಿಸುವವನಿಗೆ ಹಣ ಮರಳುವ ಮೊದಲೇ ಕಾರಿನ ಆಯುಷ್ಯ ಮುಗಿದಿರುತ್ತದೆ. ವರ್ಷಕ್ಕೆ ಆರು ಸಾವಿರವನ್ನೂ ದಾಟದ ನನ್ನಂಥ ನಿವೃತ್ತರು ಹಣ ಉಳಿಸಲೆಂದು ವಿದ್ಯುತ್ ಕಾರು ಕೊಳ್ಳಬೇಕಾಗಿಲ್ಲ; ಗದ್ದಲವಿಲ್ಲದ ಪಯಣಕ್ಕಾಗಿ ಕೊಂಡರೆ ಅದು ಬೇರೆ ಮಾತು.

2025ರ ಸೆಪ್ಟೆಂಬರ್ 22ರಿಂದ ಈ ಅಂತರ ಇನ್ನಷ್ಟು ಹಿಗ್ಗಿತು. ಸಣ್ಣ ಪೆಟ್ರೋಲ್ ಕಾರುಗಳ ಮೇಲಿನ ತೆರಿಗೆಯು ಸೆಸ್ ಸೇರಿ ಶೇ 29ರಷ್ಟಿದ್ದುದು ಶೇ 18ಕ್ಕೆ ಇಳಿಯಿತು. 2019ರಿಂದ ಶೇ 5ರಲ್ಲಿದ್ದ ವಿದ್ಯುತ್ ಕಾರಿಗೆ ಇಳಿಯಲು ಜಾಗವಿರಲಿಲ್ಲ. ರಾಜ್ಯ ಸರ್ಕಾರವೂ 2024ರಲ್ಲಿ 25 ಲಕ್ಷ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10ರ ಜೀವಾವಧಿ ತೆರಿಗೆ ವಿಧಿಸಿತು. ತೆರಿಗೆ ವಿನಾಯಿತಿ ಎನ್ನುವುದು ಅತಿಥಿಯಂತೆ. ಎಷ್ಟು ದಿನ ಇರುತ್ತದೆಂದು ಹೇಳಲಾಗದು.

ಈ ಲೆಕ್ಕವೆಲ್ಲ ಮನೆಯ ಸಾಕೆಟ್ಟಿನ ಮೇಲೆ ನಿಂತಿರುವುದನ್ನು ಓದುಗರು ಗಮನಿಸಿರಬಹುದು. ಆದ್ದರಿಂದ ಮನೆಗಳನ್ನೇ ನೋಡೋಣ. ಚಿಕ್ಕೋಡಿ, ರಾಯಬಾಗ ಪಟ್ಟಣಗಳ ಹೊಸ ಬಡಾವಣೆಗಳಲ್ಲಿ ಕಾಂಪೌಂಡ್ ಇರುವ ಮನೆಗಳಿಗೆ ತೊಂದರೆಯಿಲ್ಲ. ಹದಿನಾರು ಆಂಪಿಯರ್‌ನ ಸಾಕೆಟ್, ಸರಿಯಾದ ಅರ್ಥಿಂಗ್ ಇದ್ದರೆ ರಾತ್ರಿ ಎಂಟು ಒಂಬತ್ತು ಗಂಟೆಗಳಲ್ಲಿ ಸಣ್ಣ ಕಾರಿನ ಬ್ಯಾಟರಿ ತುಂಬುತ್ತದೆ. ನಿಪ್ಪಾಣಿಯ ಹಳೆಯ ಪೇಟೆಯ ಓಣಿಗಳಲ್ಲಿ ಕಾರು ಮನೆಯ ಮುಂದೆ ನಿಲ್ಲುವುದೇ ಇಲ್ಲ. ಎಲ್ಲೋ ಬಯಲಲ್ಲಿ, ಗುಡಿಯ ಮುಂದೆ ನಿಲ್ಲುತ್ತದೆ. ಮಾಳಿಗೆಯಿಂದ ತಂತಿ ಇಳಿಬಿಟ್ಟು ಚಾರ್ಜ್ ಮಾಡುವುದು ಅಪಾಯಕಾರಿ.

ಮೂರನೆಯದು ತೋಟದ ಮನೆ. ಅಥಣಿ, ರಾಯಬಾಗ, ಕಾಗವಾಡ ಭಾಗವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಊರೊಳಗಿನ ಮನೆಗೆ ಬೀಗ ಹಾಕಿ, ಹೊಲದಲ್ಲೇ ಆರ್‌ಸಿಸಿ ಮನೆ ಕಟ್ಟಿಕೊಂಡು, ದನಕರು, ಕಬ್ಬು, ಬಾವಿಯ ಜತೆಗೆ ವಾಸಿಸುವ ಕುಟುಂಬಗಳು ಇಲ್ಲಿ ಹೇರಳ. ಕಾರು ಕೊಳ್ಳುವ ಶಕ್ತಿ ಇರುವವರಲ್ಲಿ ಹಲವರು ಇವರೇ. ನಿರಂತರ ಜ್ಯೋತಿ ಯೋಜನೆಯಡಿ ಊರಿನ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್‌ಗಳನ್ನು ಬೇರ್ಪಡಿಸಿದಾಗ ಊರಿಗೆ ಇಡೀ ದಿನ ವಿದ್ಯುತ್ ಬಂತು; ತೋಟಕ್ಕೆ ಏಳು ಗಂಟೆಯ ತ್ರೀಫೇಸ್ ಉಳಿಯಿತು, ಅದೂ ಪಾಳಿಯ ಪ್ರಕಾರ. ರಾತ್ರಿ ಬಂದರೆ ದೀಪಕ್ಕಷ್ಟೇ ಸಾಲುವ ಸಿಂಗಲ್ ಫೇಸ್. ಅಥಣಿ ಕಡೆಯ ನನ್ನ ಅಣ್ಣನ ಮಗ ಕಾರೊಂದನ್ನು ಓಡಿಸಿ ನೋಡಿಬಂದವನು ನನಗೆ ಹೇಳಿದ್ದು ಇಷ್ಟೇ: ‘ಕಾಕಾ, ಗಾಡಿ ಛಲೋ ಐತಿ ಖರೆ, ರಾತ್ರಿ ತೋಟದಾಗ ಲೈನ್ ಎಲ್ಲಿ ಇರತೈತ್ರಿ?’

ಪಂಪ್‌ಸೆಟ್ಟಿನ ಸಂಪರ್ಕದಿಂದಲೇ ಕಾರನ್ನು ಚಾರ್ಜ್ ಮಾಡಿದರಾಯಿತು ಎನ್ನುವವರೂ ಇದ್ದಾರೆ. ಹತ್ತು ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ವಿದ್ಯುತ್ ಉಚಿತವಿರುವುದರಿಂದ ಈ ಆಸೆ ಸಹಜ. ಆದರೆ ನೀರೆತ್ತಲು ಕೊಟ್ಟ ವಿದ್ಯುತ್ತನ್ನು ಬೇರೆ ಉದ್ದೇಶಕ್ಕೆ ಬಳಸುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನ ಪ್ರಕಾರ ಅನಧಿಕೃತ ಬಳಕೆ. ಎರಡು ಪಟ್ಟು ದರದಲ್ಲಿ ವಸೂಲಿ ಮಾಡಲು ಅವಕಾಶವಿದೆ. ಕಾನೂನು ಬದಿಗಿರಲಿ, ಹತ್ತು ಲಕ್ಷದ ಕಾರನ್ನು ತೆರಿಗೆದಾರನ ಹಣದ ವಿದ್ಯುತ್ತಿನಲ್ಲಿ ಓಡಿಸುವುದನ್ನು ಸಮರ್ಥಿಸಲು ನನ್ನಿಂದಾಗದು.

ಪಟ್ಟಣದ ಮನೆಯವರಿಗೂ ಒಂದು ಎಡವಟ್ಟು ಕಾದಿದೆ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಡಿ, 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ವಿದ್ಯುತ್ ಉಚಿತ. 200ನ್ನು ದಾಟಿದರೆ ಆ ತಿಂಗಳ ಪೂರ್ಣ ಬಿಲ್ ಕಟ್ಟಬೇಕು. ತಿಂಗಳಿಗೆ ಸಾವಿರ ಕಿ.ಮೀ. ಓಡುವ ಕಾರು ಸುಮಾರು 165 ಯೂನಿಟ್ ತಿನ್ನುತ್ತದೆ. 110 ಯೂನಿಟ್ ಬಳಸುತ್ತಿದ್ದ ಮನೆಯ ಲೆಕ್ಕ 275ಕ್ಕೆ ಏರಿ, ಶೂನ್ಯ ಬಿಲ್ ಬರುತ್ತಿದ್ದ ಮನೆ ಕಾರಿನ ವಿದ್ಯುತ್ತಿಗೂ ದೀಪದ ವಿದ್ಯುತ್ತಿಗೂ ಹಣ ಕಟ್ಟುವಂತಾಗುತ್ತದೆ. ಹೀಗೆ ಕೈಬಿಡುವ ರಿಯಾಯಿತಿ ತಿಂಗಳಿಗೆ ಸಾವಿರ ರೂಪಾಯಿಯ ಆಸುಪಾಸು, ವರ್ಷಕ್ಕೆ 12 ಸಾವಿರ. ಮೇಲಿನ ಲೆಕ್ಕದಲ್ಲಿ ಎಂಟು ವರ್ಷಕ್ಕೆ ಮರಳಬೇಕಿದ್ದ ಹಣ ಆಗ ಮರಳಲು ಹನ್ನೆರಡು ವರ್ಷ ಬೇಕು.

ಇದಕ್ಕೆ ಪರಿಹಾರ ಇದೆ, ಗೊತ್ತಿರುವವರು ಕಡಿಮೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ತಿದ್ದುಪಡಿ ಮಾಡಿದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ ಪ್ರಕಾರ, ವಾಹನ ಚಾರ್ಜಿಂಗ್‌ಗೆಂದೇ ಪ್ರತ್ಯೇಕ ಸಂಪರ್ಕ ಪಡೆಯುವ ಹಕ್ಕು ಗ್ರಾಹಕನಿಗಿದೆ. ರಾಜ್ಯದ ದರಪಟ್ಟಿಯಲ್ಲೂ ವಿದ್ಯುತ್ ವಾಹನಗಳ ಚಾರ್ಜಿಂಗ್‌ಗೆ ಪ್ರತ್ಯೇಕ ವರ್ಗವಿದೆ. ಹೊಸ ಸಂಪರ್ಕವನ್ನು ಪಟ್ಟಣದಲ್ಲಿ ಏಳು ದಿನಗಳಲ್ಲಿ, ಗ್ರಾಮೀಣ ಪ್ರದೇಶದಲ್ಲಿ ಹದಿನೈದು ದಿನಗಳಲ್ಲಿ ಕೊಡಬೇಕೆಂದು ಅದೇ ನಿಯಮಗಳು ಹೇಳುತ್ತವೆ. ಎರಡನೇ ಮೀಟರ್ ಇದ್ದರೆ ಮನೆಯ ಗೃಹಜ್ಯೋತಿ ಮನೆಯಲ್ಲೇ ಉಳಿಯುತ್ತದೆ. ಷೋರೂಮಿಗೆ ಹೋಗುವ ಮೊದಲು ಹೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕಾಗಿಯೇ.

ಛಾವಣಿಯ ಸೌರ ಫಲಕ ಇನ್ನೊಂದು ದಾರಿ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವಾಟ್‌ಗೆ 78 ಸಾವಿರ ರೂಪಾಯಿ ಸಹಾಯಧನವಿದೆ. ಬಿಸಿಲಿಗೆ ಬರವಿಲ್ಲದ ಅಥಣಿಯಲ್ಲಿ ಅಷ್ಟು ಫಲಕಗಳು ತಿಂಗಳಿಗೆ 300 ಯೂನಿಟ್‌ಗೂ ಹೆಚ್ಚು ಕೊಡುತ್ತವೆ. ಹಗಲು ಜಾಲಕ್ಕೆ ಕೊಟ್ಟು ರಾತ್ರಿ ಜಾಲದಿಂದ ಪಡೆಯುವ ಈ ವ್ಯವಸ್ಥೆಗೂ ರಾತ್ರಿ ಜಾಲದಲ್ಲಿ ವಿದ್ಯುತ್ ಇರಲೇಬೇಕು ಎಂಬಲ್ಲಿಗೆ ತೋಟದ ಮನೆ ಮತ್ತೆ ಹೊರಗುಳಿಯುತ್ತದೆ.

ಮನೆಯಲ್ಲಿ ಆಗದಿದ್ದರೆ ಹೊರಗೆ ಎನ್ನುವುದಾದರೆ, ನಿಪ್ಪಾಣಿಯವರು ಅದೃಷ್ಟವಂತರು. ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿ 48 ಊರ ಬದಿಯಲ್ಲೇ ಹಾದುಹೋಗುತ್ತದೆ. ಕೊಲ್ಹಾಪುರದಿಂದ ಬೆಳಗಾವಿಯವರೆಗೆ ಹೋಟೆಲು, ಪೆಟ್ರೋಲ್ ಬಂಕುಗಳ ಅಂಗಳದಲ್ಲಿ ಚಾರ್ಜರ್‌ಗಳು ಬಂದಿವೆ. ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದಂತೆ ಅವು ವಿರಳ. 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಪಿಎಂ ಇ–ಡ್ರೈವ್ ಯೋಜನೆಯಲ್ಲಿ ಕಾರು ಕೊಳ್ಳುವವರಿಗೆ ಸಹಾಯಧನವಿಲ್ಲ. ಆದರೆ ಚಾರ್ಜಿಂಗ್ ಕೇಂದ್ರಗಳಿಗೆಂದು ಎರಡು ಸಾವಿರ ಕೋಟಿ ರೂಪಾಯಿ ಇಟ್ಟಿದ್ದಾರೆ. ಅದರ ಪಾಲು ತಾಲ್ಲೂಕು ಕೇಂದ್ರಗಳಿಗೂ ಬರಬೇಕೆಂದು ಜನಪ್ರತಿನಿಧಿಗಳು ಕೇಳಿದ್ದನ್ನು ನಾನಂತೂ ಕೇಳಿಲ್ಲ.

ಪ್ರವಾಹದ ಭಯವನ್ನೂ ಹಲವರು ಎತ್ತುತ್ತಾರೆ. 2005, 2019, 2021 – ಈ ವರ್ಷಗಳನ್ನು ಕೃಷ್ಣಾ ತೀರದವರು ಮರೆತಿಲ್ಲ. 2019ರಲ್ಲೂ 2021ರಲ್ಲೂ ಯಮಗರ್ಣಿಯ ಬಳಿ ವೇದಗಂಗೆ ಹೆದ್ದಾರಿಯ ಮೇಲೇ ಹರಿದಳು. ಈಗಿನ ಬ್ಯಾಟರಿಗಳು ಸಾಮಾನ್ಯವಾಗಿ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಾಳುವ ಮಾನದಂಡಕ್ಕೆ ಒಳಪಟ್ಟಿವೆ. ಆದರೆ ನಮ್ಮ ಪ್ರವಾಹ ಅರ್ಧ ಗಂಟೆಯದಲ್ಲ, ವಾರದ್ದು. ಆಗ ಪೆಟ್ರೋಲ್ ಕಾರೂ ಕೆಡುತ್ತದೆ. ನಿಜವಾದ ವ್ಯತ್ಯಾಸವೆಂದರೆ ನೀರು ಏರಿದಾಗ ಮುನ್ನೆಚ್ಚರಿಕೆಗೆಂದು ದಿನಗಟ್ಟಲೆ ವಿದ್ಯುತ್ ಸ್ಥಗಿತಗೊಳಿಸುತ್ತಾರೆ. ಕಲ್ಲೋಳ–ಯಡೂರ ಸೇತುವೆ ಮುಳುಗಿದ ಸುದ್ದಿ ಬಂದ ದಿನವೇ ಕಾರನ್ನು ಪೂರ್ತಿ ಚಾರ್ಜ್ ಮಾಡಿ ಎತ್ತರದಲ್ಲಿ ನಿಲ್ಲಿಸುವುದು ಅಲ್ಲಿಯವರಿಗೆ ರೂಢಿಯಾಗಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಈ ಸೀಮೆಯ ಮಟ್ಟಿಗೆ ಒಂದು ಪ್ರಶ್ನೆ ಉಳಿಯುತ್ತದೆ. ದೇಶದ ಪೆಟ್ರೋಲ್‌ಗೆ ಈಗ ಶೇ 20 ಎಥೆನಾಲ್ ಬೆರೆಯುತ್ತಿದೆ. ಆ ಎಥೆನಾಲ್‌ನ ಒಂದು ಪಾಲು ನಮ್ಮ ಕಬ್ಬಿನದು. 2025ರಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಆರಂಭವಾದ ರೈತರ ಹೋರಾಟದಲ್ಲಿ ಟನ್‌ಗೆ 3,500 ರೂಪಾಯಿ ಬೇಡಿಕೆ ಇಟ್ಟು 3,300ಕ್ಕೆ ಒಪ್ಪಂದವಾದಾಗಲೂ, ರಾಜ್ಯದ ಕಾರ್ಖಾನೆಗಳಿಗೆ ಎಥೆನಾಲ್ ಹಂಚಿಕೆ ಸಾಲದು ಎಂಬುದು ಚರ್ಚೆಯ ಒಂದು ಭಾಗವಾಗಿತ್ತು. ಹಾಗಿರುವಾಗ ಕಬ್ಬು ಬೆಳೆಯುವವನೇ ಪೆಟ್ರೋಲ್ ಬಿಟ್ಟರೆ ತನ್ನ ಬೆಳೆಯ ಗಿರಾಕಿಯನ್ನು ತಾನೇ ಕಳೆದುಕೊಂಡಂತಲ್ಲವೇ ಎಂದು ಕೇಳುವವರಿದ್ದಾರೆ. ಈ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾಗದು. ಆದರೆ ಒಂದು ಟನ್ ಕಬ್ಬಿನ ರಸದಿಂದ ಸುಮಾರು 70 ಲೀಟರ್ ಎಥೆನಾಲ್ ಬರುತ್ತದೆ. ಅದೇ ಕಬ್ಬಿನ ಸಿಪ್ಪೆಯನ್ನು ಒಳ್ಳೆಯ ಬಾಯ್ಲರ್‌ನಲ್ಲಿ ಉರಿಸಿದರೆ ಕಾರ್ಖಾನೆಯ ಬಳಕೆ ಕಳೆದು 70ರಿಂದ 100 ಯೂನಿಟ್ ವಿದ್ಯುತ್ ಮಿಕ್ಕುತ್ತದೆ. ಅಂದರೆ ಎಥೆನಾಲನ್ನು ಮುಟ್ಟದೆಯೇ, ಬರೀ ಸಿಪ್ಪೆಯಿಂದ, ವಿದ್ಯುತ್ ಕಾರೊಂದು 400ರಿಂದ 600 ಕಿ.ಮೀ. ಓಡಬಲ್ಲದು. ಒಂದೇ ಜಲ್ಲೆಯಿಂದ ಎರಡು ಬಗೆಯ ಕಾರುಗಳನ್ನೂ ನಡೆಸಬಲ್ಲ ಸೀಮೆ ಇದು.

1939ರಷ್ಟು ಹಿಂದೆ ಸ್ಥಾಪನೆಯಾದ ಉಗಾರದ ಕಾರ್ಖಾನೆಯಿಂದ ಹಿಡಿದು ಚಿಕ್ಕೋಡಿಯ ದೂಧಗಂಗಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಸಹಕಾರಿಗಳವರೆಗೆ ಸಕ್ಕರೆ ಕಾರ್ಖಾನೆಗಳು ಈ ಐದೂ ತಾಲ್ಲೂಕುಗಳಲ್ಲಿ ಹರಡಿವೆ. ಹೆದ್ದಾರಿಯಿಂದ ದೂರವಿರುವ ಹಳ್ಳಿಗಳ ನಡುವೆಯೇ ಅವು ಇವೆ. ಅಂಗಳ ವಿಶಾಲ, ಕಾವಲುಗಾರರಿದ್ದಾರೆ, ಕ್ಯಾಂಟೀನ್ ಇದೆ, ಭಾರಿ ಸಾಮರ್ಥ್ಯದ ವಿದ್ಯುತ್ ಸಂಪರ್ಕವಿದೆ. ಚಾರ್ಜಿಂಗ್ ಕೇಂದ್ರ ತೆರೆಯಲು ಪರವಾನಗಿ ಬೇಕಿಲ್ಲವೆಂದು ಕೇಂದ್ರದ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಗೇಟಿನ ಪಕ್ಕದಲ್ಲಿ ನಾಲ್ಕು ಚಾರ್ಜರ್‌ಗಳನ್ನು ಹಾಕಿ, ಷೇರುದಾರ ರೈತರಿಗೆ ಮನೆಯ ದರಕ್ಕೆ ಹತ್ತಿರದ ದರ ಗೊತ್ತುಮಾಡಿದರೆ, ತೋಟದ ಮನೆಯವರು ಕಬ್ಬಿನ ಬಿಲ್ ವಿಚಾರಿಸಲು ಬಂದು ಕಾಯುವ ಹೊತ್ತಿನಲ್ಲಿ – ಆ ಕಾಯುವಿಕೆ ಎಷ್ಟು ದೀರ್ಘವೆಂಬುದು ಅವರಿಗೆ ಚೆನ್ನಾಗಿ ಗೊತ್ತು – ಕಾರಿನ ಬ್ಯಾಟರಿ ಎರಡು ಸಲ ತುಂಬೀತು. ನುರಿಸುವ ಹಂಗಾಮು ಮುಗಿದ ಮೇಲೆ ಸಿಪ್ಪೆಯ ವಿದ್ಯುತ್ ನಿಲ್ಲುತ್ತದೆ. ಆಗ ಹೆಸ್ಕಾಂ ಜಾಲದಿಂದ ಪಡೆದು ಕೊಡಬೇಕಾಗುತ್ತದೆ, ದರ ತುಸು ಏರುತ್ತದೆ. ಸಹಕಾರಿ ಕಾರ್ಖಾನೆಗಳ ವಾರ್ಷಿಕ ಸರ್ವಸಾಧಾರಣ ಸಭೆಗಳಲ್ಲಿ ಸದಸ್ಯರೊಬ್ಬರು ಎದ್ದು ನಿಂತು ಈ ಪ್ರಸ್ತಾಪ ಮಂಡಿಸಲು ಯಾವ ಅಡ್ಡಿಯೂ ಇಲ್ಲ.